ಎಂಬತ್ತೈದು ನಿಮಿಷ ತಡವಾದ ಎಚ್ಚರಿಕೆ

ಲಂಡನ್ನಿನ ಗ್ರೀನ್‌ಫರ್ಡ್‌ನ ಆ ಶೀತಲ ಗೋದಾಮಿನಲ್ಲಿ ಕನ್ನಡ ಬಲ್ಲವರು ಇಬ್ಬರೇ ಇದ್ದೆವು. ಒಬ್ಬಳು ನಾನು, ಮೇಲಿನ ಆಫೀಸಿನಲ್ಲಿ ಕೂತು ಸರ್ವರ್ ನೋಡಿಕೊಳ್ಳುವವಳು. ಇನ್ನೊಬ್ಬರು ಕೆಳಗಿನ ಕೋಲ್ಡ್ ರೂಮುಗಳ ಸೂಪರ್‌ವೈಸರ್. ವಿಜಯಪುರದ ಕಡೆಯವರು, ನನಗಿಂತ ಹದಿನೈದು ವರ್ಷ ದೊಡ್ಡವರು. ಊರಿನಲ್ಲಿ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಕಲಿಸುತ್ತಿದ್ದರಂತೆ. ಹೆಂಡತಿಗೆ ಇಲ್ಲಿಯ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಾಗ ಅವರ ಜೊತೆ ಬಂದರು. ಪಾಠ ಹೇಳುವ ಕೆಲಸ ಇಲ್ಲಿ ಸಿಗಲಿಲ್ಲ. ಹಾಲು, ಮೊಸರು, ಪನೀರು, ಮಾಂಸ ತುಂಬಿದ ನಾಲ್ಕು ದೊಡ್ಡ ಕೋಣೆಗಳನ್ನು ತಣ್ಣಗಿಡುವ ಕೆಲಸ ಸಿಕ್ಕಿತು.

ಧಾರವಾಡದವಳು ಎಂದು ಗೊತ್ತಾದ ದಿನದಿಂದ ಅವರು ನನ್ನನ್ನು ತಂಗಿ ಎಂದೇ ಕರೆದರು. ನಾನು ಅಣ್ಣಾರ ಎನ್ನುತ್ತಿದ್ದೆ. ಮಧ್ಯಾಹ್ನ ಊಟದ ಕೋಣೆಯ ಮೈಕ್ರೋವೇವ್ ಮುಂದೆ ಸರದಿಯಲ್ಲಿ ನಿಂತಾಗ ತಮ್ಮ ಡಬ್ಬಿಯ ಶೇಂಗಾ ಚಟ್ನಿಯಲ್ಲಿ ಅರ್ಧ ನನ್ನ ಡಬ್ಬಿಗೆ ಸುರಿಯುತ್ತಿದ್ದರು. ಬೇಡ ಎಂದರೆ ಕೇಳುತ್ತಿರಲಿಲ್ಲ. ಅವರೂ ನಾವೂ ಇದ್ದದ್ದು ಹೌನ್ಸ್ಲೋದಲ್ಲಿ, ಹತ್ತು ನಿಮಿಷ ನಡೆದರೆ ಅವರ ಮನೆ. ಅವರ ಹೆಂಡತಿಯನ್ನು ನಾನು ವೈನಿ ಎನ್ನುತ್ತಿದ್ದೆ. ನನ್ನ ಮಗಳಿಗೆ ಜ್ವರ ಬಂದು, ಇಲ್ಲಿಯವರು ಜಿಪಿ ಎನ್ನುವ ಬಡಾವಣೆಯ ಡಾಕ್ಟರ ಅಪಾಯಿಂಟ್‌ಮೆಂಟ್ ಸಿಗದೆ ಒದ್ದಾಡುವಾಗ ಮೊದಲು ಫೋನ್ ಮಾಡುತ್ತಿದ್ದದ್ದು ವೈನಿಗೇ.

ಒಮ್ಮೆ ಅಣ್ಣಾರು ನನ್ನ ಕೆಲಸ ಏನೆಂದು ಕೇಳಿದರು. ಸುಮ್ಮನೆ ಕೇಳಲಿಲ್ಲ, ಪೂರ್ತಿ ತಿಳಿದುಕೊಳ್ಳುವವರ ಹಾಗೆ ಕುರ್ಚಿ ಎಳೆದುಕೊಂಡು ಕೇಳಿದರು. ಸರ್ವರ್ ಕೋಣೆಗೆ ಕರೆದುಕೊಂಡು ಹೋಗಿ ತೋರಿಸಿದೆ. ಅಲ್ಲಿದ್ದದ್ದು ಎರಡು ದೊಡ್ಡ ಸರ್ವರ್‌ಗಳು. ಕಂಪನಿಯ ಹದಿನಾಲ್ಕು ಕಂಪ್ಯೂಟರ್‌ಗಳು ಅವುಗಳ ಒಳಗೇ ಓಡುತ್ತಿದ್ದವು. ವರ್ಚುವಲ್ ಮಷೀನುಗಳು, ಅಂದರೆ ಕೈಯಿಂದ ಮುಟ್ಟಲು ಸಿಗದ, ತಂತ್ರಾಂಶದಲ್ಲಷ್ಟೇ ಇರುವ ಕಂಪ್ಯೂಟರ್‌ಗಳು. ಒಂದು ವ್ಯಾನುಗಳಿಗೆ ಮಾಲು ಹಂಚುತ್ತದೆ, ಒಂದು ಸಂಬಳ ನೋಡುತ್ತದೆ, ಒಂದು ಕೋಲ್ಡ್ ರೂಮುಗಳ ಉಷ್ಣತೆ ಓದಿ, ಹೆಚ್ಚಾದರೆ ಅಣ್ಣಾರ ಕೈಯಲ್ಲಿರುವ ಫೋನಿಗೆ ಎಚ್ಚರಿಕೆ ಕಳಿಸುತ್ತದೆ. ಪ್ರತಿಯೊಂದಕ್ಕೂ ಇಷ್ಟು ಮೆಮೊರಿ ಎಂದು ನಾನು ಬರೆದುಕೊಡುತ್ತೇನೆ. ಎಲ್ಲವೂ ಒಟ್ಟಿಗೆ ಪೂರ್ತಿ ಬಳಸುವುದಿಲ್ಲವಾದ್ದರಿಂದ ಸರ್ವರ್‌ನಲ್ಲಿ ನಿಜವಾಗಿ ಇರುವುದಕ್ಕಿಂತ ಸ್ವಲ್ಪ ಹೆಚ್ಚೇ ಬರೆದುಕೊಡಬಹುದು ಎಂದೆ.

"ಹಂಗಾದ್ರ ಒಳಗಿನ ಮಷೀನಿಗೆ ತನ್ನ ಹೆಸರಿಗೆ ಎಷ್ಟು ಬರದೈತಿ ಅನ್ನೂದು ಅಷ್ಟ ಗೊತ್ತು. ಖರೇನ ಎಷ್ಟು ಐತಿ ಅನ್ನೂದು ಗೊತ್ತಿಲ್ಲ" ಎಂದರು ಅವರು.

"ಹೌದ್ರಿ ಅಣ್ಣಾರ. ಅದಕ್ಕ ಮುಖ್ಯ ಇದ್ದವಕ್ಕ ಮೀಸಲು ಇಡ್ತೀವಿ. ಆ ಮೆಮೊರೀನ ಸರ್ವರ್ ಯಾರಿಗೂ ಕೊಡಂಗಿಲ್ಲ."

"ನಮ್ಮ ಕೋಲ್ಡ್ ರೂಮಿಂದಕ್ಕ ಮೀಸಲು ಐತಿಲ್ಲೋ?"

"ಪೂರ್ತಿ ಅದ" ಎಂದೆ. ಆಗ ಅದು ನಿಜವೇ ಆಗಿತ್ತು.

ಕ್ರಿಸ್‌ಮಸ್‌ಗೆ ನಾಲ್ಕು ವಾರ ಇರುವಾಗ ಎರಡು ಸರ್ವರ್‌ಗಳಲ್ಲಿ ಒಂದು ಕೆಟ್ಟಿತು. ಹಳೆಯದು, ಅದರ ಬೋರ್ಡು ಸಿಗುತ್ತಿರಲಿಲ್ಲ. ಹೊಸದು ಹೊಸ ವರ್ಷ ಕಳೆದ ಮೇಲೆ ಎಂದರು. ಹದಿನಾಲ್ಕೂ ಮಷೀನುಗಳನ್ನು ಉಳಿದ ಒಂದರ ಮೇಲೆ ತಂದು ಕೂರಿಸಿದೆ. ಎರಡು ಮನೆಯವರು ಒಂದೇ ಮನೆಗೆ ಬಂದಂತೆ ಎಲ್ಲವೂ ಇಕ್ಕಟ್ಟಾಯಿತು, ಆದರೂ ನಡೆಯಿತು. ಹಬ್ಬದ ಮಾಲು ಹೆಚ್ಚಾದ ಹಾಗೆ ವ್ಯಾನುಗಳಿಗೆ ಮಾಲು ಹಂಚುವ ಮಷೀನು ತೆವಳತೊಡಗಿತು. ಬೆಳಿಗ್ಗೆ ಡ್ರೈವರುಗಳು ಅಂಗಳದಲ್ಲಿ ಸಾಲಾಗಿ ನಿಂತು ಕೈ ಉಜ್ಜಿಕೊಳ್ಳುವುದು ನನ್ನ ಕಿಟಕಿಯಿಂದ ಕಾಣುತ್ತಿತ್ತು.

ಗೋದಾಮಿನ ಮ್ಯಾನೇಜರ್ ಒಂದು ಬುಧವಾರ ಮೂರು ಸಲ ನನ್ನ ಮೇಜಿನ ಹತ್ತಿರ ಬಂದರು. ಲಂಡನ್ನಿನಲ್ಲೇ ಹುಟ್ಟಿ ಬೆಳೆದವರು, ಕೆಟ್ಟವರಲ್ಲ, ಆದರೆ ಆ ವಾರ ಅವರ ಕಣ್ಣುಗಳು ಕೆಂಪಾಗಿದ್ದವು. ಆ ಮಷೀನಿಗೆ ಮೆಮೊರಿ ಎರಡು ಪಟ್ಟು ಮಾಡು ಎಂದರು. ಸರ್ವರ್‌ನಲ್ಲಿ ಜಾಗ ಇಲ್ಲ ಎಂದೆ. ಪರದೆ ತೋರಿಸಿದೆ. ಅವರು ಪರದೆ ನೋಡಲಿಲ್ಲ.

"ಎಲ್ಲಿಂದಲಾದರೂ ತೆಗೆದು ಕೊಡು. ನಾಳೆ ಬೆಳಿಗ್ಗೆ ವ್ಯಾನುಗಳು ಹೊರಡಬೇಕು, ಅಷ್ಟೇ" ಎಂದರು.

ಎಲ್ಲಿಂದ ತೆಗೆಯಲಿ ಎಂದು ಹದಿನಾಲ್ಕನ್ನೂ ಒಂದೊಂದಾಗಿ ನೋಡಿದೆ. ಎಲ್ಲವೂ ತುಂಬಿ ಬಿಗಿದುಕೊಂಡಿದ್ದವು. ಕೋಲ್ಡ್ ರೂಮಿನ ಮಷೀನು ಮಾತ್ರ ಸದ್ದಿಲ್ಲದೆ ಇತ್ತು. ತಿಂಗಳ ಗ್ರಾಫ್ ನೋಡಿದರೆ ಅದಕ್ಕೆ ಮೀಸಲಿಟ್ಟದ್ದರಲ್ಲಿ ಕಾಲು ಭಾಗವನ್ನೂ ಅದು ಮುಟ್ಟಿರಲಿಲ್ಲ. ಅದರ ಮೀಸಲು ತೆಗೆದೆ, ಹಂಚುವ ಮಷೀನಿಗೆ ಕೊಟ್ಟೆ. ಎರಡು ಕ್ಲಿಕ್ಕಿನ ಕೆಲಸ. ಹೀಗೆ ಏನಾದರೂ ಬದಲಿಸಿದರೆ ಬರೆದಿಡಲು ಒಂದು ಪಟ್ಟಿ ಇತ್ತು. ಬಸ್ಸಿಗೆ ಹೊತ್ತಾಗಿತ್ತು, ನಾಳೆ ಬರೆದರಾಯಿತು ಎಂದುಕೊಂಡು ಕೋಟು ಹಾಕಿಕೊಂಡೆ. ನಾಳೆ ಬರೆಯಲಿಲ್ಲ. ವ್ಯಾನುಗಳು ಹೊತ್ತಿಗೆ ಸರಿಯಾಗಿ ಹೊರಟಿದ್ದವು, ಮ್ಯಾನೇಜರ್ ನನ್ನ ಮೇಜಿನ ಮೇಲೆ ಒಂದು ಚಾಕೊಲೇಟ್ ಡಬ್ಬಿ ಇಟ್ಟು ಹೋಗಿದ್ದರು. ಅದೇ ಖುಷಿಯಲ್ಲಿದ್ದೆ.

ಅದೇ ದಿನ, ಗುರುವಾರ ಮಧ್ಯಾಹ್ನ, ಮೂರನೇ ಕೋಣೆಯ ಕಂಪ್ರೆಸರ್ ಕೆಟ್ಟಿತು. ಸಂಜೆ ನಾನು ಮನೆಗೆ ಹೊರಟಾಗ ಅಂಗಳದಲ್ಲಿ ಪನೀರಿನ, ಮಾಂಸದ ಪೆಟ್ಟಿಗೆಗಳನ್ನು ಎಸೆಯುವ ದೊಡ್ಡ ತೊಟ್ಟಿಗೆ ಸಾಗಿಸುತ್ತಿದ್ದರು. ಕಂಪ್ರೆಸರ್ ಕೆಟ್ಟಿತಂತೆ ಎಂದಷ್ಟೇ ಕೇಳಿದೆ. ಪಾಪ ಎಂದುಕೊಂಡೆ.

ಶುಕ್ರವಾರ ಬೆಳಿಗ್ಗೆ ಅಣ್ಣಾರು ಇರಲಿಲ್ಲ. ತನಿಖೆ ಮುಗಿಯುವವರೆಗೆ ಬರಬೇಡಿ ಎಂದು ಮನೆಗೆ ಕಳಿಸಿದ್ದರು. ಎಚ್ಚರಿಕೆ ಮಧ್ಯಾಹ್ನ ಎರಡೂ ಇಪ್ಪತ್ತಕ್ಕೇ ಬಂದಿತ್ತು, ಅವರು 'ನೋಡಿದೆ' ಎಂದು ಒತ್ತಿದ್ದು ಮೂರೂ ಮುಕ್ಕಾಲಿಗೆ, ನಡುವೆ ಮಲಗಿಬಿಟ್ಟಿದ್ದರು ಎಂದು ಊಟದ ಕೋಣೆಯಲ್ಲಿ ಎಲ್ಲರೂ ಮಾತಾಡುತ್ತಿದ್ದರು. ಅಣ್ಣಾರು ಮಾತ್ರ ಎಚ್ಚರಿಕೆ ಬಂದದ್ದೇ ಮೂರೂ ಮುಕ್ಕಾಲಿಗೆ, ಅಲ್ಲಿಯವರೆಗೆ ಮೇಜಿನ ಪರದೆಯಲ್ಲಿ ಮೂರು ಡಿಗ್ರಿ ಎಂದೇ ಇತ್ತು ಎನ್ನುತ್ತಿದ್ದಾರಂತೆ. "ಕಂಪ್ಯೂಟರ್ ಸುಳ್ಳು ಹೇಳುತ್ತದೆಯೇ?" ಎಂದು ಯಾರೋ ನಕ್ಕರು.

ನನ್ನ ಕೈಯಲ್ಲಿದ್ದ ಡಬ್ಬಿಯನ್ನು ತೆರೆಯದೆ ಮೇಲೆ ಹೋದೆ. ಗುರುವಾರದ ಗ್ರಾಫ್ ತೆಗೆದೆ. ಎರಡು ಗಂಟೆಗೆ ವಾರದ ಲೆಕ್ಕಪತ್ರದ ಮಷೀನು ಎದ್ದಿತ್ತು, ಅದೇ ಹೊತ್ತಿಗೆ ಹಂಚುವ ಮಷೀನು ತನಗೆ ಹೊಸದಾಗಿ ಸಿಕ್ಕಿದ್ದನ್ನೆಲ್ಲ ಬಳಸತೊಡಗಿತ್ತು. ಸರ್ವರ್‌ನಲ್ಲಿ ಮೆಮೊರಿ ತೀರಿತ್ತು. ಮೀಸಲು ಇಲ್ಲದ, ಸದ್ದಿಲ್ಲದ ಮಷೀನು ಯಾವುದೆಂದು ನೋಡಿ ಸರ್ವರ್ ಅದರ ಮೆಮೊರಿಯನ್ನು ಕಿತ್ತುಕೊಂಡು, ಅದರಲ್ಲಿದ್ದದ್ದನ್ನು ನಿಧಾನವಾದ ಡಿಸ್ಕಿಗೆ ತಳ್ಳಿತ್ತು. ಕೋಲ್ಡ್ ರೂಮಿನ ಮಷೀನು ಸತ್ತಿರಲಿಲ್ಲ. ಮಿಸುಕಾಡಲಾಗದೆ ಬಿದ್ದಿತ್ತು. ಅದು ಉಷ್ಣತೆ ಓದಿದ್ದು ಎರಡೂ ಇಪ್ಪತ್ತಕ್ಕೆ, ಎಚ್ಚರಿಕೆ ಹೊರಗೆ ಕಳಿಸಲು ಆದದ್ದು ಮೂರೂ ಮುಕ್ಕಾಲಿಗೆ. ಎಂಬತ್ತೈದು ನಿಮಿಷ. ಫೋನಿನಲ್ಲಿ ಕಾಣಿಸುವುದು ಮಷೀನು ಉಷ್ಣತೆ ಓದಿದ ಹೊತ್ತು ಮಾತ್ರ, ಎಚ್ಚರಿಕೆ ಬಂದು ಮುಟ್ಟಿದ ಹೊತ್ತಲ್ಲ. ಅಷ್ಟು ಹೊತ್ತೂ ಅಣ್ಣಾರ ಪರದೆಯಲ್ಲಿ ಹಳೆಯ ಮೂರು ಡಿಗ್ರಿಯೇ ನಿಂತಿತ್ತು.

ಮೊದಲು ನಾನು ಮಾಡಿದ ಕೆಲಸ ಹೇಳಿಬಿಡುತ್ತೇನೆ. ಕೋಲ್ಡ್ ರೂಮಿನ ಮಷೀನಿಗೆ ಮೀಸಲನ್ನು ವಾಪಸ್ ಇಟ್ಟೆ. ಪರದೆ ಮುಚ್ಚಿದೆ. ಯಾರಿಗೂ ಹೇಳಲಿಲ್ಲ.

ಮನೆಯಲ್ಲಿ ನನ್ನ ಗಂಡನಿಗೆ ಹೇಳಿದೆ. ಅವರು ಮೈಸೂರಿನವರು, ಜೋರಾಗಿ ಮಾತಾಡುವವರಲ್ಲ. ಕೇಳಿ ಬಹಳ ಹೊತ್ತು ಸಿಂಕಿನ ಮುಂದೆ ನಿಂತು ತೊಳೆದ ತಟ್ಟೆಯನ್ನೇ ಮತ್ತೆ ತೊಳೆದರು.

"ಹನ್ನೊಂದು ತಿಂಗಳು ಕಣೇ. ಹನ್ನೊಂದೇ ತಿಂಗಳು. ಆಮೇಲೆ ನೀನು ಏನು ಬೇಕಾದ್ರೂ ಹೇಳು" ಎಂದರು.

ನನ್ನ ವೀಸಾ ಆ ಕಂಪನಿಯ ಮೇಲೆ ನಿಂತಿತ್ತು, ಗಂಡ, ಮಗಳ ವೀಸಾ ನನ್ನ ಮೇಲೆ. ಇಲ್ಲಿಯೇ ನೆಲೆಸುವ ಅನುಮತಿ ಕೇಳಲು ಹನ್ನೊಂದು ತಿಂಗಳು ಬಾಕಿ. ನಡುವೆ ಕೆಲಸ ಹೋದರೆ ಎರಡು ತಿಂಗಳೊಳಗೆ ಬೇರೆ ಕಂಪನಿ ಸಿಗಬೇಕು, ಇಲ್ಲದಿದ್ದರೆ ಗಂಟು ಕಟ್ಟಬೇಕು. ಮಗಳಿಗೆ ಬೇಸಿಗೆಯಲ್ಲಿ ದೊಡ್ಡ ಪರೀಕ್ಷೆ.

"ಅವ್ರನ್ನ ಕೆಲಸದಿಂದ ತೆಗೀಬಹುದು" ಎಂದೆ.

"ಅವ್ರ ಹೆಂಡ್ತಿಗೆ ಆಸ್ಪತ್ರೆ ಕೆಲಸ ಇದ್ಯಲ್ಲ. ಅವ್ರ ವೀಸಾಗೆ ಏನೂ ಆಗಲ್ಲ. ನಮ್ದು ಹಾಗಲ್ಲ. ನಾನೇನು ಸಂತೋಷಕ್ಕೆ ಹೇಳ್ತಿದೀನಾ?"

ಸಂತೋಷಕ್ಕೆ ಹೇಳುತ್ತಿರಲಿಲ್ಲ, ನನಗೆ ಗೊತ್ತಿತ್ತು. ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಮನಸ್ಸೂ ಇರಲಿಲ್ಲ. ಅದು ಕೇಳಲು ಹಿತವಾಗಿತ್ತು. ಮಗಳು ಬಾಗಿಲಲ್ಲಿ ನಿಂತು "ವಾಟ್ಸ್ ರಾಂಗ್?" ಎಂದಳು. ಏನಿಲ್ಲ, ಓದ್ಕೊ ಹೋಗು ಎಂದೆವು ಇಬ್ಬರೂ ಒಟ್ಟಿಗೆ.

ಶನಿವಾರ, ಭಾನುವಾರ ಹೋದವು. ಹೌನ್ಸ್ಲೋ ಹೈಸ್ಟ್ರೀಟಿಗೆ ತರಕಾರಿಗೆ ಹೋಗಲಿಲ್ಲ, ವೈನಿ ಸಿಕ್ಕಾರು ಎಂದು. ಸೋಮವಾರದಿಂದ ಊಟದ ಡಬ್ಬಿಯನ್ನು ನನ್ನ ಮೇಜಿನ ಮೇಲೇ ಬಿಚ್ಚಿದೆ. ಯಾರಾದರೂ ನನ್ನನ್ನು ಕೇಳಿದರೆ ಹೇಳಿಬಿಡುತ್ತೇನೆ ಎಂದು ನನಗೆ ನಾನೇ ಒಪ್ಪಂದ ಮಾಡಿಕೊಂಡಿದ್ದೆ. ಯಾರೂ ಕೇಳಲಿಲ್ಲ. ತನಿಖೆಯವರಿಗೆ ಫೋನಿನ ದಾಖಲೆ ಸಾಕಾಗಿತ್ತು, ಸರ್ವರ್‌ನ ಕಡೆ ಯಾರಿಗೂ ಗಮನ ಹೋಗಲಿಲ್ಲ.

ಬುಧವಾರ ಮಧ್ಯಾಹ್ನ ವೈನಿ ಫೋನ್ ಮಾಡಿದರು. ಕೆಲಸದ ನಡುವಿನ ಚಹಾ ಹೊತ್ತಿರಬೇಕು, ಹಿಂದೆ ಆಸ್ಪತ್ರೆಯ ಗಂಟೆಗಳ, ಟ್ರಾಲಿಗಳ ಸದ್ದು ಕೇಳುತ್ತಿತ್ತು.

"ನಿನಗೊಂದು ಕೇಳ್ತೀನಿ. ಅವ್ರಿಗೆ ಗೊತ್ತಾಗಬಾರದು" ಎಂದರು.

"ಹೇಳ್ರಿ ವೈನಿ."

"ನಿನಗ ಕಂಪ್ಯೂಟರಿಂದ ಎಲ್ಲಾ ತಿಳಿತೈತಲ್ಲ. ಅವ್ರು ಖರೇನ ಮಲಗಿದ್ರೇನು?"

ಅವರೇ ಮುಂದುವರಿಸಿದರು. "ಇಲ್ಲಿಗೆ ಬಂದ ಮ್ಯಾಲ ಕುಂತಲ್ಲೇ ಕಣ್ಣು ಮುಚ್ಚತಾರ. ಟಿವಿ ಮುಂದ, ಟ್ಯೂಬ್ ರೈಲಿನ್ಯಾಗ, ಒಮ್ಮೊಮ್ಮೆ ಊಟಕ್ಕ ಕುಂತಾಗೂ. ಊರಾಗ ಹಂಗಿರಲಿಲ್ಲ. ನಾ ಮಲಗಿಲ್ಲ ಅಂತ ದಿನಾ ಹೇಳಾಕತ್ತಾರ. ನಾ ಹೂಂ ಅಂತೀನಿ. ಆದ್ರ ನನಗ ನಂಬಿಕಿ ಬರವಲ್ದು. ಮಲಗಿದ್ರ ಮಲಗಿದ್ರು ಅಂತ ಹೇಳಿಬಿಡು, ನಾ ಸುಧಾರಿಸಿಕೋತೀನಿ. ಸುಳ್ಳು ಹೇಳಾಕತ್ತಾರೇನು ಅನ್ನೂದ ನನಗ ತಡಕೊಳ್ಳಾಕ ಆಗವಲ್ದು."

ನಾನು ಕಾದಿದ್ದ ಪ್ರಶ್ನೆ ಬಂದಿತ್ತು. ಹೇಳಿಬಿಡುತ್ತೇನೆ ಎಂದುಕೊಂಡಿದ್ದೆನಲ್ಲ, ಬಾಯಿಗೆ ಬಂದದ್ದು ಬೇರೆಯೇ.

"ನೋಡಿ ಹೇಳ್ತೀನಿ ವೈನಿ" ಎಂದೆ.

"ಹೂಂ. ನೋಡವಾ. ನಿನ್ನ ಬಿಟ್ರ ಇನ್ಯಾರಿಗೆ ಕೇಳ್ಲಿ?" ಎಂದು ಫೋನ್ ಇಟ್ಟರು.

ಆ ಎಂಬತ್ತೈದು ನಿಮಿಷ ಒಬ್ಬ ಮನುಷ್ಯನ ಕೆಲಸಕ್ಕಷ್ಟೇ ತಗುಲಿದೆ ಎಂದುಕೊಂಡಿದ್ದೆ. ಕೆಲಸ ಹೋದರೆ ಇನ್ನೊಂದು ಸಿಕ್ಕೀತು ಎಂದು ನನ್ನನ್ನು ನಾನೇ ಸಮಾಧಾನ ಮಾಡುತ್ತಿದ್ದೆ. ಅದು ಅವರ ಮನೆಯೊಳಗೆ ಹೋಗಿ, ಇಪ್ಪತ್ತೈದು ವರ್ಷ ಬಾಳಿದ ಹೆಂಡತಿ ಗಂಡನ ಮುಖವನ್ನು ಅನುಮಾನದಿಂದ ನೋಡುವ ಹಾಗೆ ಮಾಡಿತ್ತು. ಗುರುವಾರ ಇಡೀ ದಿನ ನನ್ನಿಂದ ಒಂದು ಕೆಲಸವೂ ಸರಿಯಾಗಿ ಆಗಲಿಲ್ಲ. ಸಂಜೆ ಗಂಡನಿಗೆ, "ನಾಳೆ ಹೇಳ್ತೀನಿ. ನೀವು ಬ್ಯಾಡ ಅನ್ನಬ್ಯಾಡ್ರಿ" ಎಂದೆ. ಅವರು ಎದ್ದು ಹೋಗಿ ಮಗಳ ಶಾಲೆಯ ಷರ್ಟು ಇಸ್ತ್ರಿ ಮಾಡಲು ನಿಂತರು.

ಶುಕ್ರವಾರ ಬೆಳಿಗ್ಗೆ ಗ್ರಾಫ್‌ಗಳನ್ನು ಪ್ರಿಂಟ್ ಮಾಡಿಕೊಂಡು ಮ್ಯಾನೇಜರ್ ಕೋಣೆಗೆ ಹೋದೆ. ಎಲ್ಲವನ್ನೂ ಹೇಳಿದೆ. ಈ ಸಲ ಅವರು ನೋಡಿದರು, ಒಂದೊಂದೇ ಹಾಳೆಯನ್ನು, ಕನ್ನಡಕ ಹಾಕಿಕೊಂಡು.

"ಇದು ನಿನಗೆ ಯಾವಾಗ ಗೊತ್ತಾಯಿತು?"

"ಹೋದ ಶುಕ್ರವಾರ."

ಕನ್ನಡಕ ತೆಗೆದು ಮೂಗಿನ ಮೇಲ್ಭಾಗ ಒತ್ತಿಕೊಂಡರು. ಬಾಗಿಲು ಹಾಕಿ ಬಾ ಎಂದರು. ಆಮೇಲೆ ಮೆತ್ತಗೆ ಹೇಳಿದರು, "ಸರ್ವರ್‌ನ ಸಾಮರ್ಥ್ಯ ಸಾಲದೆ ಎಚ್ಚರಿಕೆ ತಡವಾಯಿತು ಎಂದು ಬರೆದರೆ ಸಾಲದೇ? ಅದು ಸುಳ್ಳಲ್ಲ. ಯಾರ ಹೆಸರೂ ಬೇಡ."

ಸುಳ್ಳಲ್ಲ ನಿಜ. ಅಣ್ಣಾರು ಉಳಿಯುತ್ತಿದ್ದರು, ನಾನೂ ಉಳಿಯುತ್ತಿದ್ದೆ, ಆತುರ ಮಾಡಿದ ಮ್ಯಾನೇಜರೂ ಉಳಿಯುತ್ತಿದ್ದರು. ಒಪ್ಪಿಕೊಳ್ಳುವ ಆಸೆ ನನಗೆ ಬಹಳವೇ ಆಯಿತು. ಆದರೆ ಸರ್ವರ್‌ಗೆ ಇಷ್ಟೇ ಸಾಮರ್ಥ್ಯ ಎಂಬುದು ನನಗೆ ಮೊದಲೇ ಗೊತ್ತಿತ್ತು. ಆ ಮಿತಿಯೊಳಗೆ ಯಾರದ್ದನ್ನು ಕಿತ್ತು ಯಾರಿಗೆ ಕೊಡಬೇಕು ಎಂದು ಆರಿಸಿದ್ದು ಸರ್ವರ್ ಅಲ್ಲ. ಮೀಸಲು ತೆಗೆದದ್ದು ನಾನು, ಬರೆದಿಡಲಿಲ್ಲ, ಎಂಟು ದಿನ ಬಾಯಿ ಬಿಡಲಿಲ್ಲ ಎಂದು ಒಂದು ಪುಟದಲ್ಲಿ ಬರೆದುಕೊಟ್ಟೆ. ಜಾಗ ಇಲ್ಲ ಎಂದು ಹೇಳಿದ ಮೇಲೂ ನನ್ನನ್ನು ಒತ್ತಾಯಿಸಿದರು ಎಂಬುದನ್ನೂ ಬರೆದೆ. ಅದನ್ನು ಓದುವಾಗ ಮ್ಯಾನೇಜರ್ ಕಿವಿಗಳು ಕೆಂಪಾದವು, ಆದರೆ ಆ ಸಾಲನ್ನು ತೆಗೆ ಎನ್ನಲಿಲ್ಲ.

ಆವತ್ತು ಸಂಜೆ ಬಸ್ಸಿಳಿದವಳು ಮನೆಗೆ ಹೋಗದೆ ನೇರ ಅವರ ಫ್ಲಾಟಿಗೆ ಹೋದೆ. ಕಂಪನಿಯಿಂದ ಕಾಗದ ಹೋಗುವ ಮೊದಲು ನಾನೇ ಹೇಳಬೇಕಿತ್ತು. ಅಣ್ಣಾರು ಬಾಗಿಲು ತೆರೆದರು. ಎಂಟು ದಿನಕ್ಕೇ ಗಡ್ಡ ಬೆಳ್ಳಗೆ ಬೆಳೆದಿತ್ತು.

"ಬಾ ತಂಗಿ, ಬಾ. ಮನಷ್ಯಾರ ಮುಖಾ ನೋಡದ ವಾರ ಆತು" ಎಂದರು.

ಕೂರಲಿಲ್ಲ. ನಿಂತೇ ಹೇಳಿದೆ. ವೈನಿ ಅಡುಗೆಮನೆಯ ಬಾಗಿಲಿಗೆ ಬಂದು ಟವೆಲ್ಲಿನಿಂದ ಕೈ ಒರೆಸಿಕೊಳ್ಳುತ್ತಾ ನಿಂತಿದ್ದರು. ಹೇಳಿ ಮುಗಿಸುವವರೆಗೂ ಅವರ ಕೈ ಒರೆಸುವುದು ನಿಲ್ಲಲಿಲ್ಲ.

ಅಣ್ಣಾರು ಮೊದಲು ಕೇಳಿದ್ದು, "ಎಷ್ಟ ನಿಮಿಷ ಅಂದಿ?"

"ಎಂಬತ್ತೈದ್ರಿ."

"ಪರದ್ಯಾಗ ಮೂರ ಡಿಗ್ರಿ ಇತ್ತಿಲ್ಲೋ?"

"ಇತ್ರಿ ಅಣ್ಣಾರ. ಹಳೀದು ಹಂಗ ನಿಂತಿತ್ತು."

ಅವರು ಕುರ್ಚಿಯ ಮೇಲೆ ಕೂತರು. ಗೋಡೆ ನೋಡುತ್ತಾ ಹೇಳಿದರು. "ಮೂರ ಇತ್ತು ಅಂತ ಎಲ್ಲಾರಿಗೂ ಹೇಳಿದೆ. ಯಾರೂ ಕೇಳಲಿಲ್ಲ. ಈಗ ಎರಡ ದಿನದಿಂದ ನನಗ ಅನುಮಾನ ಚಾಲೂ ಆಗಿತ್ತು. ಖರೇನ ನೋಡಿದ್ನೋ, ಇಲ್ಲಾ ಕಣ್ಣ ಹತ್ತಿ ಕನಸಿನ್ಯಾಗ ನೋಡಿದ್ನೋ ಅಂತ. ನಿನ್ನೆ ಅವ್ರಿಗೆ ಬರದ ಕೊಡೂನು ಅಂತ ಕುಂತಿದ್ದೆ. ಮಲಗಿದ್ದೆ, ತಪ್ಪಾತು ಅಂತ."

ಮೇಜಿನ ಮೇಲೆ ಒಂದು ಹಾಳೆ ಇತ್ತು. ಇಂಗ್ಲಿಷಿನಲ್ಲಿ ಮೂರು ಸಾಲು ಬರೆದು ನಿಲ್ಲಿಸಿದ್ದರು. ಮೇಷ್ಟರ ದುಂಡನೆಯ ಅಕ್ಷರ.

ನನಗೆ ಅಳು ಬಂತು. ತಪ್ಪಾಯಿತು ಎಂದೆ. ಅವರು ಬೈಯಲಿಲ್ಲ. ಬೈದಿದ್ದರೆ ನಾನು ಅಲ್ಲಿ ಇನ್ನಷ್ಟು ಹೊತ್ತು ನಿಲ್ಲಬಹುದಿತ್ತೇನೋ.

"ಹೇಳಿದ್ದು ಛಲೋ ಆತು" ಎಂದರು. ಆ ಹಾಳೆಯನ್ನು ಮಡಚುತ್ತಾ, "ಎಂಟ ದಿನಾ ಆತಲ್ರಿ ಮೇಡಂ" ಎಂದರು.

ಆ ರೀ, ಆ ಮೇಡಂ ಅಂದಿನಿಂದ ಹಾಗೆಯೇ ಉಳಿದವು.

ವಾರದೊಳಗೆ ಕಂಪನಿಯವರು ಅವರನ್ನು ವಾಪಸ್ ಕರೆದರು, ಕ್ಷಮೆ ಕೇಳಿ ಕಾಗದ ಕೊಟ್ಟರು. ನನ್ನನ್ನು ಮೂವರ ಮುಂದೆ ಕೂರಿಸಿ ಎರಡು ಗಂಟೆ ಪ್ರಶ್ನೆ ಕೇಳಿದರು. ಕ್ರಿಸ್‌ಮಸ್ ದಿನಗಳಲ್ಲಿ ನಮ್ಮ ಮನೆಯಲ್ಲಿ ಯಾರೂ ಮುಂದಿನ ವರ್ಷದ ಮಾತೆತ್ತಲಿಲ್ಲ. ಫ್ಲಾಟಿನ ಕರಾರು ನವೀಕರಿಸಬೇಕಿತ್ತು, ಗಂಡ ಆ ಕಾಗದವನ್ನು ಡ್ರಾಯರಿನಲ್ಲಿ ಇಟ್ಟುಬಿಟ್ಟರು. ಜನವರಿ ನಡುವೆ ತೀರ್ಮಾನ ಬಂತು. ಕೊನೆಯ ಎಚ್ಚರಿಕೆಯ ಪತ್ರ, ಕೆಲಸ ಉಳಿಯಿತು. ಮ್ಯಾನೇಜರನ್ನು ಬೇರೆ ಗೋದಾಮಿಗೆ ಕಳಿಸಿದರು. ಹೊಸ ಸರ್ವರ್ ಬಂದ ದಿನ ಅರ್ಧ ಮಷೀನುಗಳನ್ನು ಅದಕ್ಕೆ ಸಾಗಿಸಿ, ಯಾವುದಕ್ಕೆ ಎಷ್ಟು ಮೀಸಲು, ಯಾಕೆ, ಯಾರು ಕೇಳಿದರೂ ಯಾವುದನ್ನು ಮುಟ್ಟಬಾರದು ಎಂದು ಬರೆದು ಬಾಗಿಲಿಗೆ ಅಂಟಿಸಿದೆ.

ಅಣ್ಣಾರು ಈಗ ಪರದೆಯನ್ನು ನಂಬುವುದಿಲ್ಲ. ಜೇಬಿನಲ್ಲಿ ಸ್ವಂತ ಥರ್ಮಾಮೀಟರ್ ಇಟ್ಟುಕೊಂಡು ಅರ್ಧ ಗಂಟೆಗೊಮ್ಮೆ ನಾಲ್ಕೂ ಕೋಣೆಗಳ ಒಳಗೆ ಹೋಗಿ ಬರುತ್ತಾರೆ. ಆ ಚಳಿಗೆ ಅವರಿಗೆ ಕೆಮ್ಮು ಹತ್ತಿದೆ. ಹಾಗೆ ಹೋಗುವ ಅಗತ್ಯವಿಲ್ಲ ಎಂದು ಹೊಸ ಮ್ಯಾನೇಜರ್ ಹೇಳಿದರೆ ನಗುತ್ತಾರಂತೆ. ನಾನು ಹೇಳಲು ಹೋಗಲಿಲ್ಲ.

ಯುಗಾದಿಗೆ ಅಕ್ಸ್‌ಬ್ರಿಡ್ಜ್ ಕಡೆಯ ಒಂದು ಶಾಲೆಯ ಹಾಲಿನಲ್ಲಿ ಕನ್ನಡದವರು ಸೇರಿದ್ದರು. ಹೋಗುವುದೋ ಬೇಡವೋ ಎಂದು ತಡವಾಗಿ ಹೋದೆವು. ಊಟದ ಸಾಲಿನಲ್ಲಿ ವೈನಿ ನನ್ನ ಹಿಂದೆ ಬಂದು ನಿಂತರು. ಆ ಸಂಜೆಯ ನಂತರ ನಾವು ಮಾತಾಡಿರಲಿಲ್ಲ. ಹೋಳಿಗೆಯ ತಟ್ಟೆ ಹಿಡಿದುಕೊಂಡು ಇಬ್ಬರೂ ಪಕ್ಕದ ಖಾಲಿ ಕಾರಿಡಾರಿಗೆ ಬಂದೆವು.

"ನಿನಗ ಸಿಟ್ಟಾಗಬೇಕು ಅಂತ ಭಾಳ ಪ್ರಯತ್ನ ಮಾಡೀನಿ" ಎಂದರು. "ಆಗವಲ್ದು. ಯಾಕಂದ್ರ ನಾನೂ ಅಷ್ಟ ಮಾಡೀನಿ. ಅವ್ರು ಮಲಗಿದ್ರೇನು ಅಂತ ನಾ ನಿನಗ ಫೋನ್ ಮಾಡಿ ಕೇಳಿದ್ದು ಅವ್ರಿಗೆ ಗೊತ್ತಿಲ್ಲ. 'ಮನ್ಯಾಗ ನೀ ಒಬ್ಬಾಕಿ ನನ್ನ ನಂಬಿದಿ, ಅದಕ್ಕ ತಡಕೊಂಡೆ' ಅಂತ ಅವ್ರು ನನಗ ಎಲ್ಲಾರ ಮುಂದ ಹೇಳ್ತಾರ. ಹಂಗ ಅಂದಾಗೆಲ್ಲಾ ನನಗ ಭೂಮಿ ಬಾಯಿ ತಗದ್ರ ಛಲೋ ಅನಸ್ತೈತಿ."

"ಅವ್ರಿಗೆ ಹೇಳಿಬಿಡ್ರಿ ವೈನಿ" ಎಂದೆ. ಹೇಳುವಾಗಲೇ, ಎಂಟು ದಿನ ಬಾಯಿ ಮುಚ್ಚಿಕೊಂಡವಳು ಈ ಮಾತು ಹೇಳುವುದೇ ಎನಿಸಿತು.

"ಇಲ್ಲ. ಹೇಳಂಗಿಲ್ಲ. ನೀನೂ ಹೇಳಬ್ಯಾಡ. ಅಷ್ಟ ಒಂದು ಮಾಡು."

ಅಷ್ಟರಲ್ಲಿ ಅಣ್ಣಾರು ಕಾರಿಡಾರಿನ ಬಾಗಿಲು ತಳ್ಳಿಕೊಂಡು ಬಂದರು, ಕೈಯಲ್ಲಿ ಮೂರು ಪೇಪರ್ ಲೋಟಗಳಲ್ಲಿ ಚಹಾ. ಹೆಂಡತಿಗೆ ಒಂದು ಕೊಟ್ಟರು, ನನ್ನತ್ತ ಒಂದು ಚಾಚಿದರು.

"ಏನ್ ನಡದೈತ್ರಿ ಇಬ್ಬರದೂ?" ಎಂದರು.

"ಏನಿಲ್ರಿ. ಮಗಳ ಪರೀಕ್ಷಾದ್ದು ಹೇಳ್ಲಿಕ್ಹತ್ತಿದ್ದೆ" ಎಂದು ಲೋಟ ತೆಗೆದುಕೊಂಡೆ.